ಮೂರನೇ ಮೀಟರಿನ ಚೀಟಿ

ಹಬ್ಸಿಗುಡದಿಂದ ತಾರ್ನಾಕಕ್ಕೆ ಬರುವ ರಸ್ತೆಯಲ್ಲಿ, ಮೆಟ್ರೋ ಕಂಬದ ಪಕ್ಕ, ಹೊಸದಾಗಿ ಒಂದು ಮೀನಿನ ಅಂಗಡಿ ಆಗಿದೆ. ಹೋದ ಭಾನುವಾರ ಅದರ ಮುಂದೆ ಹಾಯುವಾಗ ಅಂಗಡಿಯವನು ಚಿಪ್ಪಿನ ಬುಟ್ಟಿ ತೊಳೆದ ನೀರನ್ನು ರಸ್ತೆಗೆ ಚೆಲ್ಲಿದ. ನಾನು ಮೀನು ತಿನ್ನದವಳಾದರೂ ಮೀನಿನ ವಾಸನೆ ರೂಢಿಯಾಗಿದೆ. ಇದು ಬೇರೆ. ಚಿಪ್ಪಿನೊಳಗಿನ ಹುಳ ಸತ್ತು, ಕೊಳೆತು, ನೀರಾಗಿ, ಆ ನೀರು ಬಿಸಿಲಿಗೆ ಕಾದಾಗ ಬರುವ ವಾಸನೆ. ಮೂಗಿಗೆ ತಾಗುವ ಮೊದಲೇ ಗಂಟಲಿಗೆ ಇಳಿಯುತ್ತದೆ. ಕಂಬ ಹಿಡಿದುಕೊಂಡು ನಿಂತೆ. ಬೆಳಿಗ್ಗೆ ಕುಡಿದ ಚಹಾ ಅಲ್ಲೇ ಹೊರಗೆ ಬಂತು.

“ತಾಜಾ ಮಾಲ್ ಅಮ್ಮಾ, ಪೊದ್ದುನ್ನೇ ವಚ್ಚಿಂದಿ,” ಎಂದ ಅಂಗಡಿಯವನು, ತನ್ನ ಮೇಲೆ ಅಪವಾದ ಬಂತೇನೋ ಎನ್ನುವ ಹಾಗೆ. ಇವತ್ತು ಬೆಳಿಗ್ಗೆಯೇ ಬಂದ ಮಾಲಂತೆ.

ಅವನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆ ವಾಸನೆಯೊಳಗೆ ನಾನು ಒಂದು ಮಳೆಗಾಲದ ಕೊನೆಯಿಂದ ಸಂಕ್ರಾಂತಿಯ ತನಕ ಕೂತು ಕೆಲಸ ಮಾಡಿದ್ದೇನೆ. ಆ ಕೆಲಸ ಕೊಡಿಸಿದವನು ನನ್ನ ಅಣ್ಣ ಶರಣಪ್ಪ. ಅವನು ತೀರಿಕೊಂಡದ್ದೂ ಅದೇ ಚಳಿಗಾಲದಲ್ಲಿ. ಹೇಗೆ ತೀರಿಕೊಂಡ ಎಂಬುದನ್ನು ಕಂಪನಿಯವರು ಒಂದು ಕಾಗದದಲ್ಲಿ ಬರೆದಿಟ್ಟಿದ್ದಾರೆ. ಅದು ಪೂರ್ತಿ ನಿಜವಲ್ಲ. ಉಳಿದದ್ದನ್ನು ನಾನು ಬರೆಯಬೇಕು.

ನಮ್ಮದು ಸೇಡಂ ಕಡೆ. ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಆಳುದ್ದದ ಫರಸಿ ಕಲ್ಲಿಗೆ ಹಗ್ಗ ಹಾಕಿ ಮೇಲೆತ್ತುವುದು ಅವನ ಕೆಲಸ. ಒಮ್ಮೆ ಹಗ್ಗವನ್ನು ಕೈಗೆ ಸುತ್ತಿಕೊಂಡದ್ದಕ್ಕೆ ಎರಡು ಬೆರಳು ಹೋದವು. ಅಣ್ಣ ಅದೇ ಖಣಿಯಲ್ಲಿ ಹಗ್ಗದ ಕೆಲಸ ಕಲಿತ. ಕಲಿಯುವಾಗ ಅಪ್ಪ ದಿನಾ ಆ ಮೊಂಡು ಬೆರಳುಗಳನ್ನು ಅವನ ಮುಖದ ಮುಂದೆ ಹಿಡಿಯುತ್ತಿದ್ದ. ಆಮೇಲೆ ಅಣ್ಣ ಹೈದರಾಬಾದಿಗೆ ಬಂದು ಕಟ್ಟಡಗಳಲ್ಲಿ ಕ್ರೇನಿನ ಜೊತೆ ದುಡಿದ, ಅಲ್ಲಿಂದ ಈ ಕಂಪನಿಯ ದೋಣಿಗೆ ಸೇರಿಕೊಂಡ. ನನ್ನ ಗಂಡ ತೀರಿಹೋದ ಮೇಲೆ ನನ್ನನ್ನೂ ಕರೆತಂದು, ತಾರ್ನಾಕದ ಹಿಂದಿನ ಗಲ್ಲಿಯಲ್ಲಿ, ತನ್ನ ಖೋಲಿಗೆ ಹೊಂದಿಕೊಂಡ ಖೋಲಿಯನ್ನೇ ಹಿಡಿದುಕೊಟ್ಟ.

ಕಂಪನಿಯದು ಸಮುದ್ರದೊಳಗಿನ ನೀರಿನ ಓಟ ಅಳೆಯುವ ಕೆಲಸ. ಕಾಕಿನಾಡದ ಆಚೆ, ದಡ ಕಾಣದಷ್ಟು ದೂರದಲ್ಲಿ, ಸಮುದ್ರದ ತಳದಿಂದ ಗ್ಯಾಸ್ ತೆಗೆಯುತ್ತಾರೆ. ಅಲ್ಲಿ ಪೈಪು ಜೋಡಿಸುವುದಕ್ಕೆ ಭಾರದ ಸಾಮಾನನ್ನು ಕ್ರೇನಿನಿಂದ ತಳಕ್ಕೆ ಇಳಿಸಬೇಕು. ಒಳಗಿನ ನೀರು ಜೋರಾಗಿ ಓಡುವ ಹೊತ್ತಿಗೆ ಇಳಿಸಿದರೆ ಸಾಮಾನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ, ಹಗ್ಗಗಳು ಹುಚ್ಚಾಗುತ್ತವೆ, ದೋಣಿಯ ಮೇಲಿದ್ದವರ ಜೀವಕ್ಕೆ ಕುತ್ತು ಬರುತ್ತದೆ. ಆದ್ದರಿಂದ ಯಾವ ಹೊತ್ತಿಗೆ, ಎಷ್ಟು ಆಳದಲ್ಲಿ, ನೀರು ಎಷ್ಟು ಜೋರು ಎಂದು ಮೊದಲೇ ಹೇಳುವವರು ಬೇಕು. ಹೇಳುವವರು ಮಾದಾಪುರದ ಆಫೀಸಿನಲ್ಲಿ ಕೂತಿರುತ್ತಿದ್ದರು.

“ನಮ್ಮ ಕಾಗಿಣಾ ಹೊಳಿ ಒಂದ ಕಡಿ ಹರೀತದ ನೋಡು,” ಎಂದು ಅಣ್ಣ ಒಮ್ಮೆ ರೊಟ್ಟಿ ಮುರಿಯುತ್ತ ಹೇಳಿದ್ದ. “ಸಮುದ್ರ ಹಂಗಲ್ಲ. ಮ್ಯಾಲಿನ ನೀರು ಈ ಕಡಿ ಹೊಂಟಿರ್ತದ, ನಡುವಿಂದು ಆ ಕಡಿ, ತಳದ್ದು ಮತ್ತೊಂದು ಕಡಿ. ಮ್ಯಾಲ ನಿಂತು ನೋಡಿದ್ರ ತಣ್ಣಗ ಮಲಗೇದ ಅನಸ್ತದ.”

“ಮತ್ತ ತೆಳಗ ಏನ್ ನಡದದ ಅಂತ ನಿಮಗ ಹೆಂಗ ತಿಳೀತದ?”

“ನಮಗೆಲ್ಲಿ ತಿಳೀತದ ತಂಗಿ. ಮೀಟರಿಗಿ ತಿಳೀತದ. ಮೀಟರ್ ಹೇಳಿದ್ದು ಮಾದಾಪುರದಾಗ ಎ.ಸಿ. ಹಚಗೊಂಡು ಕೂತೋರಿಗಿ ತಿಳೀತದ. ಅವರು ಹೇಳಿದ್ದು ನಮಗ ತಿಳೀತದ. ನಾವ್ ಕಡೀ ಮಂದಿ.”

ಮೀಟರ್ ಅಂದರೆ ಗಿಡ್ಡ ಕೊಡದಷ್ಟು ದಪ್ಪದ ಯಂತ್ರ. ಅದರ ತಲೆಯ ಮೇಲೆ ನಾಲ್ಕು ಕೆಂಪು ದುಂಡು ಕಣ್ಣು. ಆ ಕಣ್ಣುಗಳು ನೀರೊಳಗೆ ಶಬ್ದ ಬಿಡುತ್ತವೆ, ತಿರುಗಿ ಬಂದ ಶಬ್ದದಿಂದ ನೀರಿನ ವೇಗ ಅಳೆಯುತ್ತವೆ. ಒಂದೇ ಹಗ್ಗಕ್ಕೆ ಮೂರು ಮೀಟರು ಕಟ್ಟುತ್ತಿದ್ದರು. ಒಂದನೇದು ಮೇಲೆ, ಎರಡನೇದು ನಡುವೆ, ಮೂರನೇದು ತಳದ ಹತ್ತಿರ. ತಿಂಗಳುಗಟ್ಟಲೆ ಸಮುದ್ರದಲ್ಲಿ ಬಿಟ್ಟು, ಆಮೇಲೆ ಅಣ್ಣ ಮತ್ತು ಅವನ ಜೊತೆಯವರು ದೋಣಿಯ ಮೇಲೆ ಎಳೆದುಕೊಂಡು, ಒಳಗಿನ ಲೆಕ್ಕವನ್ನು ಮಾದಾಪುರಕ್ಕೆ ಕಳಿಸಿ, ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಲಾರಿಗೆ ಹಾಕುತ್ತಿದ್ದರು. ಲಾರಿ ಬಂದು ನಿಲ್ಲುವುದು ನಾಚಾರಂ ಕಡೆಯ ನಮ್ಮ ಶೆಡ್ಡಿಗೆ. ತೊಳೆಯುವವರು ನಾನು ಮತ್ತು ಯಾದಮ್ಮ.

ಯಾದಮ್ಮ ಭುವನಗಿರಿ ಕಡೆಯವಳು. ಮೊದಲ ಪೆಟ್ಟಿಗೆ ತೆರೆದ ದಿನ ನಾನು ಗೋಡೆಗೆ ಆತು ಕಣ್ಣು ಮುಚ್ಚಿ ನಿಂತಿದ್ದೆ. ಅವಳು ನಕ್ಕು ತೆಲುಗಿನಲ್ಲಿ ಅಂದಳು, “ಸಮುದ್ರ ಅಂದರೆ ಸಿನಿಮಾದಲ್ಲಿ ಹೀರೋಯಿನ್ ಸೀರೆ ಹಾರಿಸಿಕೊಂಡು ಓಡುತ್ತಾಳಲ್ಲ, ಅದು ಅಂದುಕೊಂಡಿದ್ದೆ ಅಕ್ಕಾ. ಇದು ನೋಡಿದರೆ ಸತ್ತ ಎಮ್ಮೆಯ ಹೊಟ್ಟೆ!”

ನಿಜವಾಗಿಯೂ ಹಾಗೇ ಇತ್ತು. ಮೀಟರಿನ ಮೈಮೇಲೆ ಹಲ್ಲಿನಂಥ ಬಿಳಿ ಚಿಪ್ಪು, ಚಿಪ್ಪಿನ ಸಂದಿಯಲ್ಲಿ ಹಸಿರು ಲೋಳೆ, ಲೋಳೆಯೊಳಗೆ ಇನ್ನೂ ಮಿಸುಕುವ ಎಂಥದೋ ಹುಳ. ಕೆರೆದಾಗ ಚಿಪ್ಪು ಒಡೆದು ಬೂದು ನೀರು ಮುಖಕ್ಕೆ ಸಿಡಿಯುತ್ತಿತ್ತು. ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದರೂ ರೊಟ್ಟಿ ಹಿಟ್ಟಿನಲ್ಲಿ ಆ ವಾಸನೆ ಬರುತ್ತಿತ್ತು. ನಾನು ಕೈಗೆ ಹಿಟ್ಟು ಮುಟ್ಟಿಸುವುದನ್ನೇ ಬಿಟ್ಟೆ. ವೈನಿ, ಅಂದರೆ ಅಣ್ಣನ ಹೆಂಡತಿ ನೀಲಮ್ಮ, ನನಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು.

ಕೆರೆಯುವುದಕ್ಕೆ ಮೊದಲು ಒಂದು ಕೆಲಸವಿತ್ತು. ಕಣ್ಣಿನ ಮೇಲೆ ಚಿಪ್ಪು ಕೂತ ಮೀಟರು ಸುಳ್ಳು ಹೇಳುತ್ತದೆ. ಆದ್ದರಿಂದ ಪೆಟ್ಟಿಗೆ ತೆರೆದ ಕೂಡಲೇ ಪ್ರತಿ ಮೀಟರನ್ನೂ ನೋಡಿ, ಫೋಟೋ ತೆಗೆದು, ಒಂದು ಹಳದಿ ಚೀಟಿಯಲ್ಲಿ ಕಣ್ಣು ಎಷ್ಟು ಮುಚ್ಚಿತ್ತು ಎಂದು ಬರೆಯಬೇಕು. ಮೂರೇ ಮಾತು: ನಿಲ್, ಲೈಟ್, ಹೆವಿ. ಆ ಚೀಟಿ ಮಾದಾಪುರಕ್ಕೆ ಹೋಗುತ್ತಿತ್ತು. ಹೆವಿ ಎಂದಿದ್ದರೆ ಆ ಮೀಟರಿನ ಕೊನೆಯ ವಾರಗಳ ಲೆಕ್ಕವನ್ನು ಅವರು ಕೈಬಿಡುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ದುಂಡಗಿದೆ ಎಂದು ಚೀಟಿ ಬರೆಯುವ ಕೆಲಸ ನನಗೆ ಬಂತು. ಸೇರುವ ದಿನವೇ ಅಣ್ಣ ಹೇಳಿದ್ದ, “ಮೊದಲ ನೋಡು, ಆಮ್ಯಾಲ ಬರಿ, ಆಮ್ಯಾಲ ತೊಳಿ. ಇದು ಉಲ್ಟಾ ಆಗಬಾರದು.”

ಎರಡು ವಾರಕ್ಕೇ ಅದು ಉಲ್ಟಾ ಆಯಿತು. ನಮ್ಮ ಶೆಡ್ಡಿನ ಪಕ್ಕ ಹಪ್ಪಳ ಮಾಡುವ ಕಾರ್ಖಾನೆ ಇತ್ತು. ನಮ್ಮ ವಾಸನೆ ಅವರ ಹಪ್ಪಳಕ್ಕೆ ಹತ್ತುತ್ತದೆ ಎಂದು ಅವರು ದಿನಾ ಬಂದು ಜಗಳ ತೆಗೆದರು. ನಮ್ಮ ಸೂಪರ್‌ವೈಸರ್ ಪ್ರಸಾದ್ ಮೂಗಿನ ಕೆಳಗೆ ನೋವಿನ ಮುಲಾಮು ಬಳಿದುಕೊಂಡೇ ಶೆಡ್ಡಿಗೆ ಬರುವ ಮನುಷ್ಯ. ಅವನು ಒಂದು ಉಪಾಯ ಮಾಡಿದ. ಪೆಟ್ಟಿಗೆಯನ್ನು ಸರಪಳಿಗೆ ಕಟ್ಟಿ ಎತ್ತಿ, ಮೀಟರುಗಳನ್ನು ನೇರವಾಗಿ ಆಸಿಡ್ ಬೆರೆಸಿದ ನೀರಿನ ತೊಟ್ಟಿಗೆ ಸುರಿಯುವುದು. ಒಂದು ದಿನ ನೆನೆದರೆ ವಾಸನೆ ಸಾಯುತ್ತದೆ. ಸುರಿಯುವಾಗ ನಾವಿಬ್ಬರೂ ಮುಖ ತಿರುಗಿಸಿ ನಿಲ್ಲುತ್ತಿದ್ದೆವು. ಮರುದಿನ ತೆಗೆದಾಗ ಎಲ್ಲದರ ಮೈಮೇಲೂ ಒಂದೇ ಬೂದು ಲೋಳೆ. ಯಾವುದು ಎಷ್ಟು ಮುಚ್ಚಿತ್ತೆಂದು ದೇವರಿಗೇ ಗೊತ್ತು.

“ಚೀಟಿ ಹೇಗೆ ಬರೆಯಲಿ ಸಾರ್?” ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ.

“ಎಲ್ಲಾ ಒಂದೇ ಸಮುದ್ರ ಅಲ್ಲವೇನಮ್ಮಾ? ಹೆವಿ ಬರಿ,” ಎಂದ ಪ್ರಸಾದ್. “ನಿಲ್ ಅಂತ ಬರೆದರೆ ಮಾದಾಪುರದವರು ಫೋಟೋ ಕೇಳುತ್ತಾರೆ. ಹೆವಿ ಅಂದರೆ ಯಾರೂ ಏನೂ ಕೇಳುವುದಿಲ್ಲ.”

ಯಾರೂ ಕೇಳಲಿಲ್ಲ. ಫೋಟೋದ ಜಾಗದಲ್ಲಿ ‘ಮಳೆ’ ಎಂದು ಬರೆದೆವು. ದಸರೆಯ ಮುಂಚಿನ ಬತುಕಮ್ಮ ಹಬ್ಬದ ಹೊತ್ತಿಗೆ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೆ. ಮುಂದಿನ ವಾರ ಯಾವ ಮೀಟರು ಬರುತ್ತದೆ ಎಂಬ ಪಟ್ಟಿ ಲಾರಿಗಿಂತ ಮೊದಲೇ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಯಾದಮ್ಮ ಹಬ್ಬಕ್ಕೆ ತಂಗೇಡು ಹೂವು ಜೋಡಿಸುತ್ತ ಕೂತರೆ, ನಾನು ಎದುರಿಗೆ ಕೂತು, ಇನ್ನೂ ಸಮುದ್ರದಿಂದ ಮೇಲೆ ಬಾರದ ಮೀಟರುಗಳ ಚೀಟಿಯನ್ನೂ ತುಂಬಿಡುತ್ತಿದ್ದೆ. ಹೆವಿ, ಹೆವಿ, ಹೆವಿ. ಅಕ್ಷರ ಬಹಳ ಚೆಂದ ಬರುತ್ತಿತ್ತು. ಕೆಳಗೆ ಸಹಿ: ಕಾಶೀಬಾಯಿ. ಆ ಸಹಿಯನ್ನು ಈಗ ನೆನೆದರೆ ಚಿಪ್ಪಿನ ನೀರು ಬಾಯಿಗೆ ಬಂದ ಹಾಗಾಗುತ್ತದೆ.

ದೀಪಾವಳಿ ಆದ ಮೇಲೆ ಅಣ್ಣ ಎಳೆದುಕೊಂಡು ಬಂದ ಮೂರು ಮೀಟರು ಬಂದವು. ಮುಂದಿನ ದೊಡ್ಡ ಕೆಲಸ ನಡೆಯಬೇಕಾದ ಜಾಗದಲ್ಲೇ ಅವನ್ನು ಬಿಟ್ಟಿದ್ದರು. ಚೀಟಿ ಎಂದಿನಂತೆ ಹೋಯಿತು. ಒಂದು ವಾರ ಬಿಟ್ಟು ಮಾದಾಪುರದಿಂದ ಒಬ್ಬ ಹುಡುಗಿ ಶೆಡ್ಡಿಗೆ ಬಂದಳು. ಶ್ರುತಿ ಎಂದು ಹೆಸರು, ಮೈಸೂರಿನವಳು, ನೀರಿನ ಮುನ್ಸೂಚನೆ ಬರೆಯುವವಳು. ಗೇಟಿನ ಒಳಗೆ ಎರಡು ಹೆಜ್ಜೆ ಇಟ್ಟವಳು ಕರ್ಚೀಫು ಬಾಯಿಗೊತ್ತಿ ಹಿಂದಕ್ಕೆ ಓಡಿ, ಹೊರಗಿನ ಬೇವಿನ ಮರದ ಕೆಳಗೆ ನಿಂತಳು. ನಾನು ಮತ್ತು ಪ್ರಸಾದ್ ಅಲ್ಲಿಗೇ ಹೋದೆವು.

“ಅಕ್ಕ, ನೀವು ಕನ್ನಡದವರಂತೆ? ಒಳ್ಳೇದಾಯ್ತು,” ಎಂದಳು. “ಈ ಮೂರನೇ ಮೀಟರ್ ವಿಷಯ ಕೇಳಕ್ಕೆ ಬಂದೆ. ಕೊನೇ ವಾರದಲ್ಲಿ ತಳದ ನೀರು ಮೂರು ಸಲ ಇದ್ದಕ್ಕಿದ್ದ ಹಾಗೆ ಜೋರಾಗಿ ಓಡಿದೆ ಅಂತ ತೋರಿಸ್ತಿದೆ. ಎರಡೆರಡು ಗಂಟೆ ಅಷ್ಟೇ, ಆಮೇಲೆ ಸುಮ್ಮನಾಗುತ್ತೆ. ಮೇಲಿನ ಎರಡು ಮೀಟರಲ್ಲಿ ಏನೂ ಇಲ್ಲ. ಕಣ್ಣಿನ ಮೇಲೆ ಚಿಪ್ಪು ಕೂತಿದ್ರೆ ಇದು ಸುಳ್ಳು ಅಂತ ಬಿಟ್ಟುಬಿಡಬಹುದು. ಚೀಟೀಲಿ ಹೆವಿ ಅಂತಿದೆ. ನಿಜವಾಗ್ಲೂ ಅಷ್ಟು ಇತ್ತಾ?”

ಪ್ರಸಾದ್‌ಗೆ ಕನ್ನಡ ಬರುವುದಿಲ್ಲ. ಆದರೆ ಹೆವಿ ಎಂಬ ಮಾತು ಕೇಳಿ ನನ್ನ ಕಡೆ ನೋಡಿದ. ನನಗೆ ಗೊತ್ತಿಲ್ಲ, ನಾನು ನೋಡಿಲ್ಲ ಎನ್ನಬೇಕಿತ್ತು. ಅಷ್ಟಕ್ಕೆ ಯಾರೂ ನನ್ನನ್ನು ನೇಣಿಗೆ ಹಾಕುತ್ತಿರಲಿಲ್ಲ.

“ಹೌದ್ರಿ ಮೇಡಂ,” ಎಂದೆ. “ಭಾಳ ಇತ್ತು. ಎಲ್ಲಾ ಹೆವಿನೇ.”

“ಸರಿ ಅಕ್ಕ. ಅದಕ್ಕೇ ಕೇಳ್ದೆ,” ಎಂದು ಅವಳು ಪುಸ್ತಕದಲ್ಲಿ ಏನೋ ಗೀಚಿಕೊಂಡು, ಕ್ಯಾಬ್ ಹತ್ತಿ ಹೋದಳು. ಅವಳು ಹೋದ ಮೇಲೆ ಯಾದಮ್ಮ ಅವಳ ಹಾಗೆ ಕರ್ಚೀಫು ಹಿಡಿದು ಓಡುವುದನ್ನು ಮಾಡಿ ತೋರಿಸಿದಳು. ನಾವು ಮೂವರೂ ನಕ್ಕೆವು. ನಾನೂ ನಕ್ಕೆ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅಣ್ಣ ಮನೆಯಲ್ಲಿದ್ದ. ಊರಲ್ಲಾದರೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಬೇಕು. ಇಲ್ಲಿ ಹೊಲ ಎಲ್ಲಿಂದ ಬರಬೇಕು? ಅಣ್ಣ ತಾಟಿನಲ್ಲಿ ಸಜ್ಜೆ ಕಡುಬು, ಕಾಳು-ಸೊಪ್ಪಿನ ಭಜ್ಜಿ ಕಲಸಿಕೊಂಡು ಗಲ್ಲಿಯ ಕೊನೆಯ ತುಳಸಿ ಕುಂಡಗಳಿಗೆ ಚೆಲ್ಲಿ ಬಂದ. ಎದುರು ಮನೆಯ ಮುದುಕಿ ಕುಂಡ ಹೊಲಸು ಮಾಡಿದನೆಂದು ತೆಲುಗಿನಲ್ಲಿ ಬೈದಳು.

“ಭೂಮಿತಾಯಿ ಕುಂಡ್ಯಾಗಿದ್ರೂ ಭೂಮಿತಾಯೇ ಅಲ್ಲೇನು ಅವ್ವಾ,” ಎಂದ ಅಣ್ಣ ಕನ್ನಡದಲ್ಲೇ. ಅವಳಿಗೆ ತಿಳಿಯಲಿಲ್ಲ. ಮತ್ತೆ ಬೈದಳು.

ಮೂವರೂ ನೆಲದ ಮೇಲೆ ಊಟಕ್ಕೆ ಕೂತೆವು. ಅಣ್ಣ ಮುಂದಿನ ಕೆಲಸದ ಮಾತು ತೆಗೆದ. ಆರು ದಿನ ಬಿಟ್ಟು ಕಾಕಿನಾಡಕ್ಕೆ ಹೋಗಬೇಕು, ದೋಣಿಯಿಂದ ಒಂದು ದೊಡ್ಡ ಕಬ್ಬಿಣದ ಚೌಕಟ್ಟನ್ನು ತಳಕ್ಕೆ ಇಳಿಸಬೇಕು, ಮಾದಾಪುರದವರು ತಳದ ನೀರು ಈ ಸಲ ಸುಮ್ಮನಿರುತ್ತದೆ ಎಂದಿದ್ದಾರೆ, ಹಗಲೆಲ್ಲಾ ಇಳಿಸಬಹುದಂತೆ. ವೈನಿ ಅವನ ತಾಟಿಗೆ ಭಜ್ಜಿ ಹಾಕಿದಳು. ಅವನು ನನ್ನ ಕಡೆ ತಿರುಗಿದ.

“ದೀಪಾವಳಿ ಆದಮ್ಯಾಲ ಬಂದ್ವಲ್ಲ ಮೂರು ಮೀಟರ್, ಆ ಮೂರನೇದು ನಿಮಗ ಕೆಲಸಾನೇ ಕೊಟ್ಟಿರಂಗಿಲ್ಲ, ಹೌದಿಲ್ಲೋ? ಕನ್ನಡಿ ಇದ್ದಂಗಿತ್ತು. ತಳದಾಗ ಕತ್ತಲ ನೋಡು, ಬೆಳಕಿಲ್ಲದಲ್ಲಿ ಚಿಪ್ಪು ಅಷ್ಟು ಹತ್ತಂಗಿಲ್ಲ. ನಾನು ಫೋಟೋನೂ ಹೊಡಕೊಂಡೀನಿ.”

ನನ್ನ ಬಾಯಲ್ಲಿ ರೊಟ್ಟಿ ಇತ್ತು. ಅಗಿಯುವುದನ್ನು ನಿಲ್ಲಿಸಿದ್ದು ನೆನಪಿದೆ. ಬೇವಿನ ಮರದ ಕೆಳಗೆ ನಿಂತ ಹುಡುಗಿ ನೆನಪಾದಳು. ಮೂರು ಸಲ, ಎರಡೆರಡು ಗಂಟೆ. ಆ ಕ್ಷಣಕ್ಕೆ ಎಲ್ಲವೂ ತಿಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಏನೋ ತಪ್ಪಾಗಿದೆ ಎನ್ನುವಷ್ಟು ತಿಳಿಯಿತು. ಹೇಳಿದರೆ ಅಣ್ಣ ಬೈಯುತ್ತಾನೆ, ಹಬ್ಬದ ಊಟ ಕೆಡುತ್ತದೆ, ಮೇಡಂ ಮುಂದೆ ಸುಳ್ಳಿ ಆಗುತ್ತೇನೆ ಎಂದು ಅನಿಸಿತು. ದೊಡ್ಡವರು ಲೆಕ್ಕ ಹಾಕಿಯೇ ಹೇಳಿರುತ್ತಾರೆ, ನನ್ನ ಒಂದು ಚೀಟಿಯಿಂದ ಏನಾಗುತ್ತದೆ ಎಂದೂ ಅನಿಸಿತು.

“ಹೌದು, ಸ್ವಚ್ಛ ಇತ್ತು,” ಎಂದು ರೊಟ್ಟಿ ನುಂಗಿದೆ.

ಆರು ದಿನ ಕಳೆದು ಅಣ್ಣ ಹೋದ. ಹೋದ ನಾಲ್ಕನೆಯ ದಿನ ಮಧ್ಯಾಹ್ನ, ತಾರ್ನಾಕದ ಮಾಳಿಗೆಗಳ ಮೇಲೆಲ್ಲ ಮಕ್ಕಳು ಪತಂಗ ಹಾರಿಸುತ್ತಿದ್ದಾಗ, ವೈನಿಗೆ ಫೋನು ಬಂತು. ಅವಳು ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟಳು. ದೋಣಿಯ ಅಡುಗೆಯವನು ಮಾತಾಡುತ್ತಿದ್ದ. ಚೌಕಟ್ಟು ತಳದ ಹತ್ತಿರ ಹೋದಾಗ ಯಾರೋ ಹಿಡಿದೆಳೆದ ಹಾಗೆ ಪಕ್ಕಕ್ಕೆ ಹೋಯಿತಂತೆ. ಮೇಲೆ ನೀರು ತಣ್ಣಗಿತ್ತಂತೆ. ಕ್ರೇನಿನ ತಂತಿ ವಾರೆಯಾಗಿ ದೋಣಿಗೆ ಉಜ್ಜಿತಂತೆ. “ಹಗ್ಗ ಬಿಡಿ, ಹಗ್ಗ ಬಿಡಿ” ಎಂದು ಅಣ್ಣ ಎಲ್ಲರಿಗೂ ಕೂಗಿ, ತನ್ನ ಕೈಯ ಹಗ್ಗವನ್ನೂ ಬಿಟ್ಟನಂತೆ. ಓಡುತ್ತಿದ್ದ ಹಗ್ಗದ ಸುರುಳಿ ಅವನ ಕಾಲಿಗೆ ಬಿದ್ದು, ಅವನನ್ನು ಸಮುದ್ರಕ್ಕೆ ಎಳೆದುಕೊಂಡು ಹೋಯಿತಂತೆ.

ಅದೇ ಹಗ್ಗ ಎಳೆದು ಮೇಲೆ ತಂದಿದ್ದ ಅಣ್ಣನನ್ನು ಸೇಡಂಗೆ ಒಯ್ದು ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ತಿರುಗಿ ಬಂದ ಮೇಲೆ ಕಂಪನಿಯವರು ವೈನಿಯನ್ನೂ ನನ್ನನ್ನೂ ಮಾದಾಪುರಕ್ಕೆ ಕರೆಸಿದರು, ಸಂತಾಪ ಸಭೆ ಅಂತ. ಅದೇ ವಾರ ಅವರ ಆಫೀಸಿನಲ್ಲಿ ಸುರಕ್ಷತಾ ಸಪ್ತಾಹ ನಡೆದಿತ್ತು. ಕಟ್ಟಿದ ಬಲೂನುಗಳನ್ನು ಬಿಚ್ಚುವುದಕ್ಕೂ ಅವರಿಗೆ ಪುರುಸೊತ್ತಾಗಿರಲಿಲ್ಲ. ಬಲೂನಿನ ಕೆಳಗೆ ಅಣ್ಣನ ಗುರುತಿನ ಚೀಟಿಯ ಫೋಟೋವನ್ನು ದೊಡ್ಡದು ಮಾಡಿ ಇಟ್ಟು ಹಾರ ಹಾಕಿದ್ದರು. ದೊಡ್ಡದು ಮಾಡಿದ್ದಕ್ಕೆ ಅವನ ಮುಖ ಚೌಕಚೌಕವಾಗಿ ಒಡೆದಿತ್ತು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಮೌನ ಮುಗಿಯುವ ಮೊದಲೇ ಹಿಂದಿನಿಂದ ಸಮೋಸಾ ವಾಸನೆ ಬಂತು. ಒಬ್ಬ ಹೆಣ್ಣುಮಗಳು ಹಸಿರು ಚಟ್ನಿ ಹಾಕಿದ ತಟ್ಟೆಯನ್ನು ವೈನಿಯ ಕೈಯಲ್ಲಿಟ್ಟು, “ಶರಣಪ್ಪ ನಮ್ಮ ಕುಟುಂಬದವರು,” ಎಂದಳು. ಕುಟುಂಬದವರ ಅಪ್ಪನ ಹೆಸರೇನು ಎಂದು ಕೇಳಬೇಕೆನಿಸಿತು.

ಅಲ್ಲೇ ಆ ಕಾಗದದ ಒಂದು ಪ್ರತಿ ಕೊಟ್ಟರು. ಹಗ್ಗವನ್ನು ಕೈಗೆ ಸುತ್ತಿಕೊಂಡದ್ದರಿಂದ, ಸ್ವಂತ ಅಜಾಗರೂಕತೆಯಿಂದ, ಎಂದು ಅದರಲ್ಲಿತ್ತು. ನಮ್ಮ ಅಣ್ಣ, ಅಪ್ಪನ ಮೊಂಡು ಬೆರಳು ನೋಡುತ್ತ ಬೆಳೆದವನು, ಹಗ್ಗ ಕೈಗೆ ಸುತ್ತಿಕೊಂಡನಂತೆ! ತಳದ ನೀರಿನ ಓಟದ ಬಗ್ಗೆ, ಮೊದಲೇ ಊಹಿಸಲು ಸಾಧ್ಯವಿರಲಿಲ್ಲ ಎಂದು ಒಂದೇ ಸಾಲು. ಆ ಸಾಲು ಓದಿದಾಗ ನನಗೆ ಬಂದ ಹೇಸಿಗೆ ಅವರ ಮೇಲಷ್ಟೇ ಅಲ್ಲ. ಊಹಿಸಲು ಸಾಧ್ಯವಿತ್ತು. ಮೂರನೇ ಮೀಟರು ಹೇಳಿತ್ತು. ಅದರ ಬಾಯಿ ಮುಚ್ಚಿದ್ದು ನನ್ನ ದುಂಡಗಿನ ಅಕ್ಷರ.

ಮರುದಿನ ವೈನಿ ಸ್ನಾನಕ್ಕೆ ಹೋದಾಗ, ದೋಣಿಯಿಂದ ಅಣ್ಣನ ಚೀಲದ ಜೊತೆ ಬಂದಿದ್ದ ಅವನ ಫೋನು ತೆಗೆದೆ. ಫೋಟೋ ಅಲ್ಲೇ ಇತ್ತು. ದೋಣಿಯ ಹಲಗೆಯ ಮೇಲೆ ಮೂರು ಮೀಟರು. ಒಂದನೇದು ಚಿಪ್ಪಿನ ಗಡ್ಡೆ. ಎರಡನೇದಕ್ಕೆ ಅಲ್ಲಲ್ಲಿ ಲೋಳೆ. ಮೂರನೇದರ ನಾಲ್ಕು ಕೆಂಪು ಕಣ್ಣು ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿದ್ದವು. ಅದರ ನಂಬರಿನ ಪಕ್ಕ ಅಣ್ಣನ ಹೆಬ್ಬೆರಳು.

ಆ ಫೋನನ್ನು ಹಿಡಿದು ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಕೋಚಿಂಗ್ ಹುಡುಗರ ಗುಂಪು ಹತ್ತಿ ನನ್ನನ್ನು ಬಾಗಿಲಿಗೆ ಒತ್ತಿತು. ತಿರುಗಿ ಹೋಗಿಬಿಡಲೇ ಎಂದು ಪ್ರತಿ ಸ್ಟೇಷನ್ನಿನಲ್ಲೂ ಅನಿಸಿತು. ದೋಣಿ ಮುಂದಿನ ವಾರ ಮತ್ತೆ ಹೋಗುತ್ತದೆ, ಅದೇ ಮುನ್ಸೂಚನೆಯ ಮೇಲೆ, ಎಂದು ಅಡುಗೆಯವನು ಹೇಳಿದ್ದ. ಅದೊಂದೇ ಮಾತು ನನ್ನನ್ನು ಇಳಿಯಗೊಡಲಿಲ್ಲ.

ಮಾದಾಪುರದ ಆಫೀಸಿನಲ್ಲಿ ಶ್ರುತಿ ಫೋಟೋವನ್ನು ಹಿಗ್ಗಿಸಿ ನೋಡಿದಳು.

“ನಾನು ಕೇಳ್ದಾಗ ನೀವು ಹೌದು ಅಂದ್ರಲ್ಲ ಅಕ್ಕ,” ಎಂದಳು.

“ಸುಳ್ಳು ಹೇಳ್ದೆರಿ. ನಾನು ನೋಡಿದ್ದೇ ಇಲ್ಲ. ಮೀಟರ್ ಬರೂಕಿಂತ ಮೊದಲೇ ಚೀಟಿ ಬರದಿದ್ದೆ.”

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. “ನಾನಾದ್ರೂ ಒಳಗೆ ಬರಬೇಕಿತ್ತು. ಆ ವಾಸನೆಗೆ ಹೆದರಿ ಮರದ ಕೆಳಗೇ ನಿಂತೆ,” ಎಂದು ಹೇಳಿ, ನನ್ನನ್ನು ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದಳು.

ಮ್ಯಾನೇಜರ್ ಬಹಳ ಮೆತ್ತಗೆ, ಪುಸ್ತಕದ ಕನ್ನಡದಲ್ಲಿ ಮಾತಾಡಿದ. ನೀರು ಕೊಟ್ಟ, ಕಾಫಿ ತರಿಸಿದ. ಆಮೇಲೆ ನನ್ನ ಚೀಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದ. “ಇದು ನಿಮ್ಮದೇ ಸಹಿ ಅಲ್ಲವೇನಮ್ಮಾ? ಇದನ್ನು ಕೆದಕಿದರೆ ಮೊದಲು ಹೆಸರು ಬರುವುದು ನಿಮ್ಮದು. ಅಣ್ಣನ ಸಾವಿಗೆ ತಂಗಿ ಕಾರಣ ಅಂತ ಜನ ಮಾತಾಡುತ್ತಾರೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಹೆಚ್ಚು ಅಸಹ್ಯವಾಯಿತು. ಸುಳ್ಳಾಗಿದ್ದರೆ ಬೈದು ಬರಬಹುದಿತ್ತು.

“ಬರಲಿ ಬಿಡ್ರಿ,” ಎಂದೆ. “ನನ್ನ ಹೆಸರು ಬರೀರಿ. ಅವ ಹಗ್ಗ ಕೈಗಿ ಸುತ್ತಿಕೊಂಡ ಅಂತ ಬರದೀರಲ್ಲ, ಅದನ್ನ ತಗೀರಿ.”

“ಅದು ನಮ್ಮ ಕೈಯಲ್ಲಿಲ್ಲ. ವರದಿ ಹೋಗಿಯಾಗಿದೆ.”

“ಮುಂದಿನ ವಾರ ಇಳಿಯೋರ ಗತಿ ಏನ್ರಿ?”

ಅವನು ಶ್ರುತಿಯ ಕಡೆ ನೋಡಿದ. ಅವಳು ನಿಂತೇ ಇದ್ದಳು. “ಸಾರ್, ಈ ಫೋಟೋ ನೋಡಿದ ಮೇಲೆ ಹಳೇ ಮುನ್ಸೂಚನೆಗೆ ನಾನು ಸಹಿ ಹಾಕಲ್ಲ. ಬೇರೆ ಯಾರ ಕೈಲಾದ್ರೂ ಹಾಕಿಸಿ. ಯಾಕೆ ಹಾಕಲಿಲ್ಲ ಅಂತ ಗ್ಯಾಸ್ ಕಂಪನಿಯವರು ಕೇಳಿದ್ರೆ ನಾನು ಹೇಳ್ತೀನಿ.”

ಮ್ಯಾನೇಜರನ ಮುಖದ ಮೇಲಿನ ಮೆದುತನ ಇಳಿದುಹೋಯಿತು. ಕಾಫಿ ಆರಿ ಕೆನೆ ಕಟ್ಟಿತ್ತು. ಕೊನೆಗೆ, ಚೀಟಿಯ ಮಾತು ಎಲ್ಲೂ ಬರಬಾರದು, ಹೊಸ ಮುನ್ಸೂಚನೆಯನ್ನು ‘ಸುಧಾರಣೆ’ ಎಂದಷ್ಟೇ ಬರೆದು ಕಳಿಸಿ ಎಂದ.

ಶ್ರುತಿ ಮೂರನೇ ಮೀಟರಿನ ಆ ವಾರದ ಲೆಕ್ಕವನ್ನು ಮತ್ತೆ ಸೇರಿಸಿದಳು. ಮೂರನೆಯ ದಿನ ಫೋನು ಮಾಡಿದಳು. ತಿಂಗಳಲ್ಲಿ ಕೆಲವು ದಿನ, ನೀರು ಏರಿಳಿಯುವ ಒಂದು ಹೊತ್ತಿಗೆ, ತಳದಲ್ಲಿ ಆ ಓಟ ಬರುತ್ತದಂತೆ. ಅಣ್ಣ ಹೋದ ದಿನ ಅಂಥ ದಿನವೇ ಆಗಿತ್ತಂತೆ. ಹೊಸ ಮುನ್ಸೂಚನೆಯಲ್ಲಿ ಆ ಗಂಟೆಗಳಿಗೆ ಕೆಂಪು ಬಣ್ಣ ಹಚ್ಚಿದ್ದಾರೆ, ಆಗ ಏನನ್ನೂ ಇಳಿಸುವಂತಿಲ್ಲ. ದೋಣಿ ಹೋಯಿತು, ಕೆಂಪು ಗಂಟೆಗಳಲ್ಲಿ ಸುಮ್ಮನೆ ನಿಂತಿತು, ಎಲ್ಲರೂ ತಿರುಗಿ ಬಂದರು. ಅಣ್ಣನ ಕಾಗದದಲ್ಲಿ ಮಾತ್ರ ಹಗ್ಗ ಇವತ್ತಿಗೂ ಅವನ ಕೈಗೇ ಸುತ್ತಿದೆ.

ನಾನು ಶೆಡ್ಡಿಗೆ ಮತ್ತೆ ಹೋಗಲಿಲ್ಲ. ಪ್ರಸಾದ್ ಒಮ್ಮೆ ಫೋನು ಮಾಡಿ, “ಅಕ್ಷರ ನಿನ್ನದಮ್ಮಾ, ನನ್ನದಲ್ಲ, ನೆನಪಿರಲಿ,” ಎಂದ. ನೆನಪಿದೆ.

ವೈನಿಗೆ ಹೇಳುವುದು ಉಳಿದಿತ್ತು. ದೋಣಿ ತಿರುಗಿ ಬಂತೆಂದು ತಿಳಿದ ದಿನ ಮಧ್ಯಾಹ್ನ ಅವಳ ಖೋಲಿಗೆ ಹೋದೆ. ಅವಳು ಬಾಗಿಲ ಬೆಳಕಿನಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ತೊಟ್ಟಿ, ಚೀಟಿ, ಶನಿವಾರದ ಮಧ್ಯಾಹ್ನಗಳು, ಬೇವಿನ ಮರದ ಕೆಳಗೆ ನಾನು ಅಂದ ಹೌದು, ಫೋಟೋ, ಕೆಂಪು ಗಂಟೆಗಳು.  ಅವಳ ಕೈ ಕಲ್ಲು ಆರಿಸುವುದನ್ನು ನಿಲ್ಲಿಸಿತ್ತು. ಬೈಯಲಿ, ಹೊಡೆಯಲಿ ಎಂದು ಕಾದೆ.

“ಈಗ ಹೋಗೋರಿಗಿ ಮೊದಲೇ ತಿಳೀತದೇನು?” ಎಂದು ಕೇಳಿದಳು.

“ತಿಳೀತದ ವೈನಿ.”

“ನೀ ಹೋಗಿ ಹೇಳಿದಮ್ಯಾಲ ಆ ಹುಡುಗಿಗಿ ಎಷ್ಟು ದಿನ ಹಿಡೀತು, ಅದನ್ನ ತಿದ್ದಲಾಕ?”

“ಮೂರು ದಿನ.”

ವೈನಿ ಮೊರದಲ್ಲಿದ್ದ ಜೋಳವನ್ನು ಒಂದು ಕಡೆ ಸರಿಸಿದಳು.

“ಎಳ್ಳಮಾಸಿ ಊಟಕ್ಕ ಕೂತಾಗ ಕನ್ನಡಿ ಇದ್ದಂಗಿತ್ತು ಅಂತ ಅವರು ನಿನಗ ಹೇಳಿದ್ರು,” ಎಂದಳು. “ಅವರು ಹೋಗೂಕ ಇನ್ನೂ ಆರು ದಿನ ಇತ್ತು.”

ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು.